ಬೆಂಚು ಮೂರು, ಹನ್ನೊಂದು ನಲವತ್ತು

ಶಿವಮೊಗ್ಗದ ಖಾಸಗಿ ಬಸ್‌ಸ್ಟ್ಯಾಂಡಿನಲ್ಲಿ
ಒಂಬತ್ತು ದಿನ ಎಲ್ಲಿಗೂ ಹೋಗದೆ ಕೂತಿದ್ದೆ.
ತೊಡೆಯ ಮೇಲೆ ರಟ್ಟು, ರಟ್ಟಿಗೆ ಕ್ಲಿಪ್ಪು,
ಕ್ಲಿಪ್ಪಿನಡಿ ಚೌಕಾಬಾರದಂತೆ ಮನೆ ಕೊರೆದ ಹಾಳೆ:
ಅಪರಿಚಿತರ ಪಕ್ಕ ಕೂತವರು,
ನಡುವೆ ಒಂದು ಜಾಗ ಬಿಟ್ಟವರು,
ಜಾಗವಿದ್ದೂ ನಿಂತೇ ಇದ್ದವರು,
ನಕ್ಕವರು, ನಗದವರು.
ನಾಲ್ಕು ಕಡ್ಡಿ, ಮೇಲೊಂದು ಅಡ್ಡಗೆರೆ,
ಹಾಲಿನವಳು ಗೋಡೆಗೆ ಎಳೆದ ಲೆಕ್ಕದ ಹಾಗೆ.

ಮಾತಾಡಿಸಬಾರದು, ಅಂದಿದ್ದರು ಹೇಮಾಜಿ ಮೇಡಂ.
ಊಹಿಸಲೂಬಾರದು.
‘ಅವನಿಗೆ ಬೇಸರ’ ಅಂತ ಬರೆಯಬೇಡ,
‘ಆಕಳಿಸಿದ’ ಅಂತ ಬರೆ.
ಬೇಸರ ನಿನ್ನದೇ ಇದ್ದೀತು.

ಬೆಂಚುಗಳ ಈ ತುದಿಗೆ ನಾನು,
ಆ ತುದಿಗೆ, ಸೋಡಾ ಕ್ರೇಟುಗಳಿಗೆ ಒರಗಿ, ಬಾರ್ಬೋಜ.
ಅದೇ ಹಾಳೆ, ಅದೇ ಜನ, ಅದೇ ಹೊತ್ತು.
ಒಂದು ಜೊತೆ ಕಣ್ಣನ್ನು ನಂಬದ ಶಾಸ್ತ್ರ ನಮ್ಮದು;
ಇಬ್ಬರಿಗೂ ಒಂದೇ ಕಂಡರೆ ಮಾತ್ರ
ಕಂಡದ್ದು ಕಂಡದ್ದು.

ಸಂಜೆ ಶಂಕರಘಟ್ಟದ ಬಸ್ಸಿನ ಹಿಂದಿನ ಸೀಟಿನಲ್ಲಿ
ಹಳ್ಳ ಬಂದಾಗೆಲ್ಲ ಹಾರುತ್ತ ತಾಳೆ ನೋಡುತ್ತಿದ್ದೆವು.
ಏಳನೆಯ ದಿನ ಒಂದು ಸಾಲು ಕೂಡಲಿಲ್ಲ.
ಬೆಂಚು ಮೂರು, ಹನ್ನೊಂದು ನಲವತ್ತು.
ನೀಲಿ ಶರಟು, ಮಡಿಲಲ್ಲಿ ಕೆಂಪು ವೈರಿನ ಬುಟ್ಟಿ.
ಹೊಸನಗರದ ಬಸ್ಸು ಹಿಂದಕ್ಕೆ ಸರಿದಾಗ
ನಾನು: ನಕ್ಕ.
ಬಾರ್ಬೋಜ: ನಗಲಿಲ್ಲ.

‘ಹಲ್ಲು ಕಂಡಿತು ಕಣೋ.’
‘ಮುಖ ಹಲಗೆ ಥರ ಇತ್ತು, ನಾನು ನೋಡ್ತಾನೇ ಇದ್ದೆ.’
‘ನಾನೂ ನೋಡ್ತಾನೇ ಇದ್ದೆ.’
ಕೈಪಿಡಿ ತೆಗೆದೆವು. ನಗು ಎಂದರೆ
ಬಾಯಿಯ ಕೊನೆ ಮೇಲಕ್ಕೆದ್ದು
ಎರಡು ಸೆಕೆಂಡಾದರೂ ಅಲ್ಲೇ ನಿಲ್ಲುವುದು.
ಎರಡು ಸೆಕೆಂಡು!
ಹಾಗಾದರೆ ನಮ್ಮ ದೊಡ್ಡಪ್ಪ ಹುಟ್ಟಿದಾಗಿನಿಂದ ನಕ್ಕಿಲ್ಲ.

ಮರುದಿನ ನಿಯಮ ಮುರಿದೆ.
ಕಡಲೆಕಾಯಿ ದಸ್ತಗೀರ್ ಸಾಬರ ಗಾಡಿಗೆ ಹೋಗಿ
ಐದು ರೂಪಾಯಿಯ ಪೊಟ್ಟಣ ಹಿಡಿದು ಕೇಳಿದೆ.

‘ನೀಲಿ ಶರಟಾ? ಮೆಗ್ಗಾನಿಂದ ಬಂದಿದ್ದ ಮೇಡಮ್ಮ,
ದವಡೆ ಹಲ್ಲು ಕೀಳಿಸ್ಕೊಂಡು.
ಅರ್ಧ ಮುಖ ಇನ್ನೂ ಜೋಮು ಬಿಟ್ಟಿರಲಿಲ್ಲ.
ನಂಗೆ ಅಗಿಯೋಕಾಗಲ್ಲ, ಮನೆಗೆ ಕೊಡಿ ಅಂದ,
ಅಂದ್ಕೊಂಡೇ ನಗು ಬಂತು ಅವನಿಗೆ.
ನಿಮ್ಮ ಕಡೇ ಕೆನ್ನೆ ನಗ್ತಿತ್ತು.
ಆ ಹುಡುಗನ ಕಡೇದು ಮಲಗಿತ್ತು.’

ಪೊಟ್ಟಣ ಕೈಯಲ್ಲೇ ಉಳಿಯಿತು.
‘ನಮ್ಮನ್ನ ನೋಡಿದ್ದೀರಾ?’

‘ಎಂಟು ದಿನ ಆಯ್ತಲ್ಲ! ಹನ್ನೆರಡಾದ್ರೆ ನೀವು
ಚಪ್ಪಲಿ ಬಿಟ್ಟು ಕಾಲು ಮಡಚ್ತೀರಿ.
ಅವನು ಎರಡು ಚಾ ಕುಡೀತಾನೆ, ಒಂದರ ದುಡ್ಡು ಬಾಕಿ.
ನಾಲ್ಕೂವರೆ ಮೇಲೆ ಅವನು ಬರೆಯೋದು ಕಮ್ಮಿ.
ಬೆಂಚ್ ಕಡೆ ನೋಡಲ್ಲ,
ನಿಮ್ಮ ಕಡೆ ನೋಡ್ತಾನೆ.’

ನೋಡಿಸಿಕೊಳ್ಳುತ್ತಿದ್ದೇನೆಂದು ಗೊತ್ತಾದ ಕ್ಷಣ
ಮನುಷ್ಯ ಬೇರೆ ಮನುಷ್ಯನಾಗುತ್ತಾನೆ,
ಎರಡನೆಯ ಸೆಮಿಸ್ಟರಿನಲ್ಲಿ ಓದಿ
ಹತ್ತಕ್ಕೆ ಒಂಬತ್ತು ಅಂಕ ತೆಗೆದಿದ್ದೆ.
ಅದು ಕತ್ತಿನ ಹಿಂಭಾಗದಿಂದ ಶುರುವಾಗುತ್ತದೆ ಅಂತ
ಪುಸ್ತಕದಲ್ಲಿರಲಿಲ್ಲ.

ಹೇಮಾಜಿ ಮೇಡಂ ಕನ್ನಡಕ ಒರೆಸಿ ಅಂದರು:
ಆ ಸಾಲು ತೆಗೆದುಬಿಡಿ.
ದಸ್ತಗೀರ್ ಸಾಬರನ್ನು ಎಲ್ಲಿ ಹಾಕೋಣ ಅಂತ ಕೇಳಿದೆ.
ಅವರಿಗೆ ತರಬೇತಿ ಇಲ್ಲವಲ್ಲ, ಅಂದರು.
ನಾಲ್ಕೂವರೆಯ ವಿಷಯ ನಾನು ಹೇಳಲಿಲ್ಲ.
ಹೇಳಿದ್ದರೆ ಎಂಟು ದಿನದ ಸಂಜೆಗಳೆಲ್ಲ ಹೋಗುತ್ತಿದ್ದವು.

ಕಡೆಯ ದಿನ.
ಜನ ಕೂತರು, ಎದ್ದರು, ಕಡ್ಡಿಗಳು ಕಟ್ಟುಕಟ್ಟಾದವು.
ಗಡಿಯಾರ ನೋಡದೆ ಗೊತ್ತಾಯಿತು, ನಾಲ್ಕೂವರೆ.
ತಲೆ ಎತ್ತಿದೆ.
ಬಾರ್ಬೋಜ ಅವಸರದಲ್ಲಿ ಖಾಲಿ ಬೆಂಚಿನ ಮೇಲೆ
ಯಾರನ್ನೋ ಎಣಿಸತೊಡಗಿದ.
ಆಮೇಲೆ ಮೆಲ್ಲಗೆ ಈ ಕಡೆ ತಿರುಗಿದ.
ಬಾಯಿಯ ಕೊನೆ ಎದ್ದಿತೋ?
ಎಣಿಸಿದೆ: ಒಂದು,
ಒಂದೂವರೆ,

ಅಷ್ಟರಲ್ಲಿ ಸಾಗರದ ಬಸ್ಸು ಅಡ್ಡ ಬಂತು.